ಪೋಲೀಸು ಮುಖ್ಯಾಧಿಕಾರಿ ಮತ್ತು ರಾಜಕೀಯ ಒತ್ತಡ: ‘ಮೇಲ್ವಿಚಾರಣೆ’ ಎಂಬ ಪದದ ಚಾರಿತ್ರಿಕ ವಿವೇಚನೆ

1

ದಂಡಶಕ್ತಿಯಿಲ್ಲದೆ ರಾಜ್ಯವು ನಿಲ್ಲಲಾರದೆಂಬುದನ್ನು ನಮ್ಮ ಪ್ರಾಚೀನ ರಾಜನೀತಿಜ್ಞರು ಚೆನ್ನಾಗಿ ಅರಿತಿದ್ದರು. ದಂಡವು ಅತಿ ಕಠಿಣವಾಗಲೂ ಬಾರದು, ಸಡಿಲವಾಗಲೂ ಬಾರದು, ಅದು ಅಪರಾಧಕ್ಕೆ ತಕ್ಕುದಾಗಿರಬೇಕು ಎಂಬುದು ಕೌಟಿಲ್ಯನ ಮತ. ಆದರೆ ರಾಜನೊಬ್ಬನೇ ದಂಡಧರನಾಗಿದ್ದ ಕಾಲದಲ್ಲಿ ಹುಟ್ಟದಿದ್ದ ಒಂದು ಪ್ರಶ್ನೆ ಪ್ರಜಾಪ್ರಭುತ್ವದಲ್ಲಿ ಹುಟ್ಟಿದೆ. ಇಲ್ಲಿ ಪೋಲೀಸು ದಳದ ಮುಖ್ಯಾಧಿಕಾರಿಯು ಇಬ್ಬರಿಗೆ ವಿಧೇಯನಾಗಿರಬೇಕು: ಶಾಸನಕ್ಕೆ ಮತ್ತು ಜನರಿಂದ ಆರಿಸಿಬಂದ ಸರ್ಕಾರಕ್ಕೆ. ಇವೆರಡೂ ಒಂದೇ ಮಾತನ್ನು ಹೇಳುತ್ತಿರುವವರೆಗೆ ತೊಡಕಿಲ್ಲ. ಶಾಸನವು ‘ಈತನನ್ನು ವಿಚಾರಿಸು’ ಎಂದೂ ಸರ್ಕಾರದಲ್ಲಿ ಕುಳಿತವರು ‘ಈತನನ್ನು ಬಿಡು’ ಎಂದೂ ಹೇಳಿದಾಗ ಆತನು ಯಾರ ಮಾತನ್ನು ಕೇಳಬೇಕು? ಕೇಳದಿದ್ದರೆ ಆತನ ಗತಿಯೇನು?

ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರವು ವ್ಯಕ್ತಿಗಳ ಗುಣಾವಗುಣಗಳಿಗೆ ಸಂಬಂಧಪಟ್ಟುದು. ಅಧಿಕಾರಿಯು ಧೀರನಾಗಿದ್ದರೆ ಒತ್ತಡಕ್ಕೆ ಮಣಿಯನು, ಮಂತ್ರಿಯು ಸಜ್ಜನನಾಗಿದ್ದರೆ ಒತ್ತಡವನ್ನು ಹಾಕನು ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಇತಿಹಾಸದ ವಿದ್ಯಾರ್ಥಿಗೆ ಈ ಉತ್ತರ ಸಾಲದು. ಒತ್ತಡವು ಯಾವ ದಾರಿಯಿಂದ ಬರುತ್ತದೆ, ಆ ದಾರಿಯನ್ನು ತೆರೆದಿಟ್ಟವರು ಯಾರು, ಅದನ್ನು ಮುಚ್ಚಲು ನಡೆದ ಪ್ರಯತ್ನಗಳು ಎಷ್ಟರಮಟ್ಟಿಗೆ ಸಫಲವಾದುವು ಎಂಬುದನ್ನು ಪ್ರಕೃತ ಲೇಖನದಲ್ಲಿ ಸಂಗ್ರಹವಾಗಿ ವಿವೇಚಿಸಲು ಯತ್ನಿಸಿದ್ದೇವೆ.

2

ಭಾರತದ ಪೋಲೀಸು ವ್ಯವಸ್ಥೆಗೆ ಈಗಿನ ರೂಪ ಬಂದುದು 1861ರ ಐದನೆಯ ಕಾಯಿದೆಯಿಂದ. ಅದಕ್ಕೆ ಹಿಂದಿನ ವರ್ಷ ಒಂದು ಆಯೋಗವು ಕುಳಿತಿತ್ತು. ಅದಕ್ಕೂ ಮೂರು ವರ್ಷ ಹಿಂದೆ 1857ರ ಮಹಾಸಂಗ್ರಾಮ ನಡೆದಿತ್ತು. ಈ ಕಾಲಕ್ರಮವನ್ನು ಗಮನಿಸಿದರೆ ಕಾಯಿದೆಯ ಆಶಯವು ತಾನಾಗಿ ವಿಶದವಾಗುತ್ತದೆ. ಆಂಗ್ಲರ ಮುಂದೆ ಆಗ ಎರಡು ಮಾದರಿಗಳಿದ್ದುವು. 1829ರಲ್ಲಿ ಲಂಡನ್ ನಗರಕ್ಕಾಗಿ ರಾಬರ್ಟ್ ಪೀಲ್ ರಚಿಸಿದ ನಾಗರಿಕ ಪೋಲೀಸು ದಳವೊಂದು. ಐರ್ಲೆಂಡಿನಂಥ ಅಧೀನ ದೇಶವನ್ನು ಹತೋಟಿಯಲ್ಲಿಡಲು ಕಟ್ಟಿದ ಸಶಸ್ತ್ರ ದಳವಿನ್ನೊಂದು. 1843ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ಚಾರ್ಲ್ಸ್ ನೇಪಿಯರ್ ಅಲ್ಲಿ ಎರಡನೆಯ ಮಾದರಿಯನ್ನು ಅನುಸರಿಸಿದ್ದನು. 1861ರ ಕಾಯಿದೆಯಲ್ಲಿಯೂ ಅದರ ಛಾಯೆಯೇ ಹೆಚ್ಚು. ತನ್ನ ಮನೆಗೆ ಒಂದು ನ್ಯಾಯ, ಆಳಿಗೆ ಇನ್ನೊಂದು ನ್ಯಾಯವೆಂಬಂತೆ ಬ್ರಿಟನ್ನು ನಡೆದುಕೊಂಡಿತು.

ಈ ಕಾಯಿದೆಯ ಮೂರನೆಯ ವಿಧಿಯು ಪೋಲೀಸಿನ ‘ಮೇಲ್ವಿಚಾರಣೆ’ಯನ್ನು ಪ್ರಾಂತ ಸರ್ಕಾರಕ್ಕೆ ಒಪ್ಪಿಸಿತು. ನಾಲ್ಕನೆಯ ವಿಧಿಯು ಅದರ ‘ಆಡಳಿತ’ವನ್ನು ಇನ್‌ಸ್ಪೆಕ್ಟರ್ ಜನರಲ್ ಎಂಬ ಮುಖ್ಯಾಧಿಕಾರಿಗೆ ಕೊಟ್ಟಿತು, ಜಿಲ್ಲೆಯಲ್ಲಿ ಪೋಲೀಸು ಸೂಪರಿಂಟೆಂಡೆಂಟನನ್ನು ಮ್ಯಾಜಿಸ್ಟ್ರೇಟನ ಸಾಮಾನ್ಯ ಹತೋಟಿಗೆ ಒಳಪಡಿಸಿತು. ಮೇಲ್ವಿಚಾರಣೆ ಎಂದರೇನು? ಅದು ಎಲ್ಲಿ ಮುಗಿದು ಆಡಳಿತವು ಎಲ್ಲಿ ಮೊದಲಾಗುತ್ತದೆ? ಕಾಯಿದೆಯು ಇದನ್ನು ಹೇಳಲಿಲ್ಲ. ಹೇಳುವ ಅವಶ್ಯಕತೆಯೂ ಅಂದಿನವರಿಗೆ ಕಾಣಲಿಲ್ಲ. ಸರ್ಕಾರವೂ ಅವರದೇ, ಮುಖ್ಯಾಧಿಕಾರಿಯೂ ಅವರವನೇ. ಇಬ್ಬರ ಹಿತವೂ ಒಂದೇ ಆಗಿದ್ದಾಗ ಗಡಿಯನ್ನು ಗುರುತಿಸುವವರಾರು?

1902ರಲ್ಲಿ ನೇಮಕವಾದ ಫ್ರೇಸರ್ ಆಯೋಗವು ಪೋಲೀಸರ ತರಬೇತು ಸಾಲದೆಂದೂ, ಜನರಲ್ಲಿ ಅವರ ವಿಷಯವಾಗಿ ವಿಶ್ವಾಸವಿಲ್ಲವೆಂದೂ ನಿಷ್ಠುರವಾಗಿ ವರದಿ ಮಾಡಿತು. ಆದರೆ ಮೇಲ್ವಿಚಾರಣೆಯ ಗಡಿಯ ಪ್ರಶ್ನೆ ಹಾಗೆಯೇ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸಂವಿಧಾನವು ಪೋಲೀಸನ್ನು ರಾಜ್ಯಗಳ ಪಟ್ಟಿಗೆ ಸೇರಿಸಿತು. ಹಲವು ರಾಜ್ಯಗಳು 1861ರ ಕಾಯಿದೆಯನ್ನೇ ಇಟ್ಟುಕೊಂಡುವು. ಕೆಲವು ಹೊಸ ಕಾಯಿದೆಗಳನ್ನು ಮಾಡಿಕೊಂಡುವು. ಏಕೀಕೃತ ಮೈಸೂರು ರಾಜ್ಯದ 1963ರ ಪೋಲೀಸು ಕಾಯಿದೆ ಅಂಥವುಗಳಲ್ಲೊಂದು. ಅದರಲ್ಲಿಯೂ ಮೇಲ್ವಿಚಾರಣೆಯು ಸರ್ಕಾರಕ್ಕೆ ಸೇರಿದುದೆಂಬ ಮಾತು ಬಂದಿದೆ. ಹೀಗೆ ಪರಕೀಯ ಪ್ರಭುತ್ವದ ಅನುಕೂಲಕ್ಕಾಗಿ ಅಸ್ಪಷ್ಟವಾಗಿದ್ದ ಪದವೊಂದು, ಪಕ್ಷರಾಜಕೀಯದ ಯುಗಕ್ಕೆ ಅದೇ ಅಸ್ಪಷ್ಟತೆಯೊಡನೆ ಪ್ರವೇಶಿಸಿತು.

3

ಭಾರತಕ್ಕೆ ಈ ಕಾಯಿದೆಯನ್ನು ಕೊಟ್ಟ ಬ್ರಿಟನ್ನಿನಲ್ಲಿ ಇದೇ ಪ್ರಶ್ನೆ ಹೇಗೆ ಬೆಳೆಯಿತೆಂಬುದನ್ನು ಇಲ್ಲಿ ಹೋಲಿಸಿ ನೋಡುವುದು ಉಪಯುಕ್ತ. ಅಲ್ಲಿಯೂ ನಗರಗಳ ಪೋಲೀಸರು ನಗರಸಭೆಯ ಸಮಿತಿಯೊಂದರ ಕೈಕೆಳಗಿದ್ದರು. ನೇಮಿಸುವವರೂ ತೆಗೆಯುವವರೂ ಆ ಸಮಿತಿಯವರೇ. 1930ರಲ್ಲಿ ಓಲ್ಡಮ್ ನಗರದ ಮೊಕದ್ದಮೆಯೊಂದರಲ್ಲಿ, ಅಪರಾಧಿಯನ್ನು ಹಿಡಿಯುವ ಕಾರ್ಯದಲ್ಲಿ ಪೋಲೀಸಿನವನು ನಗರಸಭೆಯ ಸೇವಕನಲ್ಲವೆಂದು ನ್ಯಾಯಾಲಯವು ತೀರ್ಮಾನಿಸಿತು. ಆದರೂ ಉದ್ಯೋಗದ ಹಗ್ಗ ಸಮಿತಿಯ ಕೈಯಲ್ಲಿಯೇ ಇತ್ತು.

ಅದರ ಪರಿಣಾಮ 1959ರಲ್ಲಿ ನಾಟಿಂಗ್‌ಹ್ಯಾಮ್ ನಗರದಲ್ಲಿ ಕಂಡಿತು. ಅಲ್ಲಿನ ಮುಖ್ಯ ಪೋಲೀಸು ಅಧಿಕಾರಿಯಾದ ಅಥೆಲ್‌ಸ್ಟನ್ ಪಾಪ್‌ಕೆಸ್, ನಗರಸಭೆಯ ಕೆಲವರ ಮೇಲೆ ಬಂದ ಭ್ರಷ್ಟಾಚಾರದ ಆಪಾದನೆಗಳನ್ನು ಲಂಡನ್ ಪೋಲೀಸರಿಂದ ವಿಚಾರಣೆ ಮಾಡಿಸಿದನು. ಸಮಿತಿಯು ವಿಚಾರಣೆಯ ವರದಿಯನ್ನು ತನಗೆ ಒಪ್ಪಿಸುವಂತೆ ಕೇಳಿತು. ಶಾಸನವನ್ನು ಜಾರಿಗೆ ತರುವ ಕೆಲಸ ಸಮಿತಿಗೆ ಸಂಬಂಧಪಟ್ಟುದಲ್ಲವೆಂದು ಆತನು ನಿರಾಕರಿಸಿದನು. ಸಮಿತಿಯು ಆತನನ್ನು ಅಮಾನತಿನಲ್ಲಿಟ್ಟಿತು. ಗೃಹಮಂತ್ರಿ ಬಟ್ಲರ್ ಮಧ್ಯೆ ಪ್ರವೇಶಿಸಿದ ಮೇಲೆ ಆತನಿಗೆ ಸ್ಥಾನವು ಮರಳಿ ದೊರಕಿತು. ಆ ಆಪಾದನೆಗಳ ಮೇಲೆ ಯಾರ ವಿರುದ್ಧವೂ ಮೊಕದ್ದಮೆ ನಡೆಯಲಿಲ್ಲವೆಂಬುದನ್ನೂ ಹೇಳಬೇಕು. ನಮಗೆ ಇಲ್ಲಿ ಮುಖ್ಯವಾದುದು ಆಪಾದನೆಯ ಸತ್ಯಾಸತ್ಯತೆಯಲ್ಲ. ವಿಚಾರಣೆಗೆ ಗುರಿಯಾಗಬಹುದಾದವರ ಸಭೆಯೇ ವಿಚಾರಣೆ ಮಾಡಿಸುವವನ ಅನ್ನದ ಒಡೆತನವನ್ನು ಹೊಂದಿದ್ದುದು.

ಈ ಪ್ರಕರಣವು 1960ರಲ್ಲಿ ರಾಜಾಯೋಗವೊಂದು ನೇಮಕವಾಗಲು ಒಂದು ಕಾರಣವಾಯಿತು. ಅದರ ವರದಿ 1962ರಲ್ಲಿ ಬಂದಿತು. 1964ರ ಕಾಯಿದೆಯು ಹಳೆಯ ಸಮಿತಿಗಳನ್ನು ತೆಗೆದುಹಾಕಿ, ದಳದ ನಿರ್ದೇಶನ ಮತ್ತು ನಿಯಂತ್ರಣಗಳು ಮುಖ್ಯಾಧಿಕಾರಿಗೆ ಸೇರಿದುವೆಂದು ಬರೆಯಿತು. 1968ರಲ್ಲಿ ಲಾರ್ಡ್ ಡೆನ್ನಿಂಗ್ ಒಂದು ತೀರ್ಪಿನಲ್ಲಿ, ಪೋಲೀಸು ಕಮಿಷನರನು ಶಾಸನವೊಂದನ್ನುಳಿದು ಮತ್ತಾರಿಗೂ ಸೇವಕನಲ್ಲವೆಂಬ ತತ್ತ್ವವನ್ನು ಪ್ರತಿಪಾದಿಸಿದರು.

4

ನಮ್ಮ ದೇಶದಲ್ಲಿ ಇದಕ್ಕೆ ಹೋಲುವ ಪ್ರಶ್ನೆ ನ್ಯಾಯಾಲಯದ ಮುಂದೆ ಬಂದುದು 1967ರಲ್ಲಿ, ಕಲ್ಕತ್ತೆಯಲ್ಲಿ. ಆ ವರ್ಷ ಪಶ್ಚಿಮ ಬಂಗಾಳದಲ್ಲಿ ಅಧಿಕಾರಕ್ಕೆ ಬಂದ ಸಂಯುಕ್ತ ರಂಗದ ಸರ್ಕಾರವು ಸುತ್ತೋಲೆಗಳನ್ನು ಹೊರಡಿಸಿತು. ಕಾರ್ಖಾನೆಗಳಲ್ಲಿ ಕಾರ್ಮಿಕರು ಆಡಳಿತಗಾರರನ್ನು ‘ಘೇರಾವ್’ ಮಾಡಿದರೆ, ಕಾರ್ಮಿಕ ಮಂತ್ರಿಯ ಗಮನಕ್ಕೆ ತಂದು ಆತನ ಸೂಚನೆ ಪಡೆಯದೆ ಪೋಲೀಸರು ಪ್ರವೇಶಿಸಬಾರದೆಂಬುದು ಅವುಗಳ ತಾತ್ಪರ್ಯ. ಕಾರ್ಮಿಕರ ನ್ಯಾಯವಾದ ಹೋರಾಟವನ್ನು ಲಾಠಿಯಿಂದ ಮುರಿಯಬಾರದೆಂಬುದು ಚುನಾಯಿತ ಸರ್ಕಾರವು ತಳೆಯಬಹುದಾದ ನೀತಿಯೇ ಸರಿ. ಆದರೆ ಮನುಷ್ಯನೊಬ್ಬನನ್ನು ಅಕ್ರಮವಾಗಿ ಕೂಡಿಹಾಕಿದಾಗ ಆತನನ್ನು ಬಿಡಿಸುವುದು ಶಾಸನವು ಪೋಲೀಸರಿಗೆ ವಿಧಿಸಿದ ಕರ್ತವ್ಯ. ಅದನ್ನು ಮಂತ್ರಿಯ ಒಪ್ಪಿಗೆಗೆ ಕಟ್ಟಿಹಾಕಲಾಗದು. ಕಲ್ಕತ್ತೆಯ ಉಚ್ಚ ನ್ಯಾಯಾಲಯವು ಆ ಸುತ್ತೋಲೆಗಳನ್ನು ರದ್ದುಗೊಳಿಸಿತು.

ಈ ಪ್ರಕರಣದಿಂದ ನಾವು ಕಲಿಯಬೇಕಾದ ಎರಡು ಅಂಶಗಳಿವೆ. ಮೊದಲನೆಯದು, ನೀತಿಯನ್ನು ಗೊತ್ತುಮಾಡುವುದು ಬೇರೆ, ನಿರ್ದಿಷ್ಟ ಸಂದರ್ಭದಲ್ಲಿ ಶಾಸನವನ್ನು ತಡೆಹಿಡಿಯುವುದು ಬೇರೆ. ಎರಡನೆಯದು ಹೆಚ್ಚು ಮಹತ್ತ್ವದ್ದು. ಆ ಸುತ್ತೋಲೆಯು ರದ್ದಾದುದು ಅದು ಬರಹದಲ್ಲಿ ಇದ್ದುದರಿಂದ. ಬರಹದಲ್ಲಿದ್ದುದನ್ನು ನೊಂದವನು ನ್ಯಾಯಾಲಯಕ್ಕೆ ಕೊಂಡೊಯ್ಯಬಲ್ಲನು. ದೂರವಾಣಿಯಲ್ಲಿ ಬಂದ ಮಾತನ್ನು ಕೊಂಡೊಯ್ಯುವ ಬಗೆ ಹೇಗೆ?

1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯು ಈ ಪ್ರಶ್ನೆಗೆ ಕಠೋರವಾದ ಭಾಷ್ಯವನ್ನು ಬರೆಯಿತು. ಆ ಕಾಲದ ಅತಿರೇಕಗಳನ್ನು ವಿಚಾರಿಸಲು 1977ರಲ್ಲಿ ನೇಮಕವಾದ, ನಿವೃತ್ತ ಮುಖ್ಯ ನ್ಯಾಯಾಧೀಶ ಜೆ. ಸಿ. ಷಾ ಅವರ ಆಯೋಗವು 1978ರಲ್ಲಿ ಮೂರು ವರದಿಗಳನ್ನು ಕೊಟ್ಟಿತು. 1975ರ ಜೂನ್ 25ರ ರಾತ್ರಿ ದಿಲ್ಲಿಯ ಪತ್ರಿಕಾಲಯಗಳಿಗೆ ವಿದ್ಯುಚ್ಛಕ್ತಿ ನಿಂತುಹೋದುದು ಬಾಯಿಮಾತಿನ ಆಜ್ಞೆಯಿಂದ. ಬಂಧನಗಳೂ ಹಾಗೆಯೇ ನಡೆದುವು. ಮೊದಲು ಹಿಡಿದು, ಕಾರಣಗಳನ್ನೂ ಆಜ್ಞಾಪತ್ರಗಳನ್ನೂ ಅನಂತರ ಸಿದ್ಧಪಡಿಸಿದ ನಿದರ್ಶನಗಳು ಆಯೋಗದ ಮುಂದೆ ಬಂದುವು. ಅಧಿಕಾರಿಗಳೆಲ್ಲರೂ ದುಷ್ಟರಾಗಿದ್ದರೆಂದು ನಾವು ಭಾವಿಸಬೇಕಾಗಿಲ್ಲ. ಬಾಯಿಮಾತಿನ ಆಜ್ಞೆಯನ್ನು ಒಪ್ಪದವನಿಗೆ ಮರುದಿನ ಕುರ್ಚಿಯಿರದೆಂಬುದು ಅವರಿಗೆ ತಿಳಿದಿತ್ತು. ಒಪ್ಪಿದರೆ ಆಜ್ಞೆಯಿತ್ತವರ ಗುರುತು ಉಳಿಯದೆಂಬುದು ಆಜ್ಞೆಯಿತ್ತವರಿಗೆ ತಿಳಿದಿತ್ತು. ಲಿಖಿತವಲ್ಲದ ಆಜ್ಞೆ, ಕಾರಣ ಹೇಳದ ವರ್ಗಾವಣೆ ಇವೆರಡೂ ಒಂದೇ ಕತ್ತರಿಯ ಎರಡು ಅಲಗುಗಳು. ಪೋಲೀಸನ್ನು ರಾಜಕೀಯದಿಂದ ಪ್ರತ್ಯೇಕಿಸುವ ವಿಷಯವನ್ನು ಸರ್ಕಾರವು ಗಂಭೀರವಾಗಿ ಆಲೋಚಿಸಬೇಕೆಂದು ಷಾ ಆಯೋಗವು ಸೂಚಿಸಿತು.

5

1977ರ ನವೆಂಬರಿನಲ್ಲಿ ರಾಷ್ಟ್ರೀಯ ಪೋಲೀಸು ಆಯೋಗವು ನೇಮಕವಾಯಿತು. ಅದರ ಅಧ್ಯಕ್ಷರು ಧರ್ಮವೀರ. 1967ರ ಕಲ್ಕತ್ತೆಯ ತೀರ್ಪು ಹೊರಬಂದಾಗ ಪಶ್ಚಿಮ ಬಂಗಾಳದ ರಾಜ್ಯಪಾಲರಾಗಿದ್ದವರು ಇವರೇ. 1969ರಿಂದ 1972ರವರೆಗೆ ನಮ್ಮ ಮೈಸೂರು ರಾಜ್ಯಕ್ಕೂ ಇವರು ರಾಜ್ಯಪಾಲರಾಗಿದ್ದರು. ಆಯೋಗವು 1979ರಿಂದ 1981ರವರೆಗೆ ಎಂಟು ವರದಿಗಳನ್ನು ಸಲ್ಲಿಸಿತು. ನಮ್ಮ ವಿಷಯಕ್ಕೆ ಮುಖ್ಯವಾದುದು 1979ರ ಎರಡನೆಯ ವರದಿ.

1861ರಿಂದ ಗಡಿಯಿಲ್ಲದೆ ಇದ್ದ ‘ಮೇಲ್ವಿಚಾರಣೆ’ಗೆ ಈ ವರದಿಯು ಗಡಿಯನ್ನು ಹಾಕಲು ಯತ್ನಿಸಿತು. ಪೋಲೀಸರು ಶಾಸನಾನುಸಾರವಾಗಿ ನಡೆಯುತ್ತಾರೆಯೇ ಎಂದು ನೋಡುವುದಷ್ಟೆ ಸರ್ಕಾರದ ಮೇಲ್ವಿಚಾರಣೆ ಎಂದು ಅದು ಹೇಳಿತು. ಅಪರಾಧ ನಿವಾರಣೆ, ಸಾರ್ವಜನಿಕ ಸೇವೆಗಳಲ್ಲಿ ಸರ್ಕಾರವು ನೀತಿಯನ್ನು ನಿರೂಪಿಸಬಹುದು. ತನಿಖೆಯಲ್ಲಿ ಮಾತ್ರ ಯಾರ ಕೈಯೂ ಆಡಕೂಡದು. ಇದನ್ನು ಕಾಪಾಡಲು ಪ್ರತಿ ರಾಜ್ಯದಲ್ಲಿ ಒಂದು ಭದ್ರತಾ ಆಯೋಗವಿರಬೇಕು. ಅದರಲ್ಲಿ ಗೃಹಮಂತ್ರಿಯೊಡನೆ ವಿರೋಧಪಕ್ಷದವರಿಗೂ ಪಕ್ಷಾತೀತರಾದ ಗಣ್ಯರಿಗೂ ಸ್ಥಾನವಿರಬೇಕು. ಮುಖ್ಯಾಧಿಕಾರಿಗೆ ನಿಶ್ಚಿತವಾದ ಅವಧಿಯಿರಬೇಕು. ಅದು ಮುಗಿಯುವ ಮೊದಲು ತೆಗೆಯಬೇಕಾದರೆ ಭದ್ರತಾ ಆಯೋಗದ ಒಪ್ಪಿಗೆ ಬೇಕು. ಗಡಿ, ಅವಧಿ, ಸಾಕ್ಷಿ ಎಂಬ ಮೂರು ರಕ್ಷೆಗಳು ಇಲ್ಲಿ ಅಡಗಿರುವುದನ್ನು ವಾಚಕರು ಗಮನಿಸಬಹುದು.

ವರದಿಗಳು ಕಪಾಟು ಸೇರಿದುವು. 1996ರಲ್ಲಿ ನಿವೃತ್ತ ಪೋಲೀಸು ಮಹಾನಿರ್ದೇಶಕ ಪ್ರಕಾಶ್ ಸಿಂಗ್ ಮತ್ತಿತರರು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿಯನ್ನು ಹಾಕಿದರು. ಅದು ವಿಚಾರಣೆಯಲ್ಲಿದ್ದಾಗಲೇ, 1997ರ ಡಿಸೆಂಬರ್ 18ರಂದು ವಿನೀತ್ ನಾರಾಯಣ್ ಮೊಕದ್ದಮೆಯಲ್ಲಿ ನ್ಯಾಯಾಲಯವು ಕೇಂದ್ರ ತನಿಖಾ ದಳದ ನಿರ್ದೇಶಕನಿಗೆ ಕನಿಷ್ಠ ಎರಡು ವರ್ಷಗಳ ಅವಧಿಯಿರಬೇಕೆಂದು ವಿಧಿಸಿತು. ಪ್ರಕಾಶ್ ಸಿಂಗ್ ಅರ್ಜಿಯ ತೀರ್ಪು ಬಂದುದು 2006ರ ಸೆಪ್ಟೆಂಬರ್ 22ರಂದು. ಅದರಲ್ಲಿ ಏಳು ನಿರ್ದೇಶನಗಳಿದ್ದುವು. ರಾಜ್ಯ ಭದ್ರತಾ ಆಯೋಗ. ಕೇಂದ್ರ ಲೋಕಸೇವಾ ಆಯೋಗವು ಆರಿಸಿದ ಮೂವರು ಹಿರಿಯರಲ್ಲಿ ಒಬ್ಬನನ್ನು ಮಹಾನಿರ್ದೇಶಕನನ್ನಾಗಿ ನೇಮಿಸಿ ಕನಿಷ್ಠ ಎರಡು ವರ್ಷ ಉಳಿಸಿಕೊಳ್ಳುವುದು. ಜಿಲ್ಲಾ ಸೂಪರಿಂಟೆಂಡೆಂಟನಿಂದ ಠಾಣೆಯ ಅಧಿಕಾರಿಯವರೆಗೆ ಎರಡು ವರ್ಷಗಳ ಅವಧಿ. ತನಿಖೆಯನ್ನು ಶಾಂತಿಪಾಲನೆಯಿಂದ ಬೇರ್ಪಡಿಸುವುದು. ವರ್ಗಾವಣೆಗಳಿಗೆ ಇಲಾಖೆಯದೇ ಒಂದು ಮಂಡಳಿ. ಪೋಲೀಸರ ಮೇಲಿನ ದೂರುಗಳಿಗೆ ಪ್ರಾಧಿಕಾರ. ಕೇಂದ್ರದಲ್ಲಿ ರಾಷ್ಟ್ರೀಯ ಭದ್ರತಾ ಆಯೋಗ. ಮರುವರ್ಷ, ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಎರಡನೆಯ ಆಡಳಿತ ಸುಧಾರಣಾ ಆಯೋಗವೂ ಸಾರ್ವಜನಿಕ ಶಾಂತಿಯನ್ನು ಕುರಿತ ತನ್ನ ವರದಿಯಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿತು.

6

ಶಾಸನದ ಅಕ್ಷರವು ಬದಲಾದ ಮಾತ್ರಕ್ಕೆ ಅಧಿಕಾರದ ಅಭ್ಯಾಸವು ಬದಲಾಗುವುದಿಲ್ಲ. ಈ ನಿರ್ದೇಶನಗಳ ಪಾಲನೆಯನ್ನು ಪರಿಶೀಲಿಸಲು ನ್ಯಾಯಾಲಯವು ನೇಮಿಸಿದ ನ್ಯಾಯಮೂರ್ತಿ ಕೆ. ಟಿ. ಥಾಮಸ್ ಸಮಿತಿಯು 2010ರಲ್ಲಿ ರಾಜ್ಯಗಳ ಅನಾಸ್ಥೆಯನ್ನು ಕಂಡು ಖೇದವನ್ನು ವ್ಯಕ್ತಪಡಿಸಿತು. ನೇರವಾಗಿ ಉಲ್ಲಂಘಿಸುವುದಕ್ಕಿಂತ ಮಾತನ್ನು ಉಳಿಸಿಕೊಂಡು ಅರ್ಥವನ್ನು ಸಡಿಲಿಸುವ ಮಾರ್ಗವೇ ಹೆಚ್ಚು ಬಳಕೆಗೆ ಬಂದಿತು.

ಕೇರಳದ ನಿದರ್ಶನವನ್ನು ನೋಡೋಣ. ಅಲ್ಲಿನ 2011ರ ಪೋಲೀಸು ಕಾಯಿದೆಯು ಎರಡು ವರ್ಷಗಳ ಅವಧಿಯನ್ನು ಅಂಗೀಕರಿಸಿತು. ಆದರೆ ಪೋಲೀಸರ ದಕ್ಷತೆಯ ವಿಷಯವಾಗಿ ಜನರಲ್ಲಿ ತೀವ್ರ ಅಸಮಾಧಾನವಿದೆಯೆಂದು ಸರ್ಕಾರಕ್ಕೆ ತೋರಿದರೆ ಅಧಿಕಾರಿಯನ್ನು ಮೊದಲೇ ತೆಗೆಯಬಹುದೆಂದೂ ಹೇಳಿತು. 2016ರಲ್ಲಿ ಹೊಸ ಸರ್ಕಾರವು ಬಂದೊಡನೆ ಮಹಾನಿರ್ದೇಶಕ ಟಿ. ಪಿ. ಸೆನ್‌ಕುಮಾರ್ ಅವರನ್ನು ಆ ಸ್ಥಾನದಿಂದ ತೆಗೆಯಲಾಯಿತು. ಆ ಕ್ರಮವು ನ್ಯಾಯವಾದುದಲ್ಲವೆಂದು 2017ರ ಏಪ್ರಿಲ್ 24ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿ ಅವರನ್ನು ಮತ್ತೆ ನೇಮಿಸುವಂತೆ ಆಜ್ಞಾಪಿಸಿತು. ಅವರು ಜೂನ್ 30ರಂದು ನಿವೃತ್ತರಾದರು. ಗೆದ್ದವರಿಗೆ ದೊರೆತುದು ಎರಡು ತಿಂಗಳಿಗೂ ಕಡಮೆಯಾದ ಕಾಲ. ಕೇಂದ್ರದಲ್ಲಿಯೂ ಇಂಥದೇ ಘಟನೆ ನಡೆಯಿತು. 2018ರ ಅಕ್ಟೋಬರ್ 23ರ ರಾತ್ರಿ ಕೇಂದ್ರ ತನಿಖಾ ದಳದ ನಿರ್ದೇಶಕರನ್ನು ಅವರ ಅಧಿಕಾರದಿಂದ ದೂರವಿರಿಸಲಾಯಿತು. 2019ರ ಜನವರಿ 8ರಂದು ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಮಾಡಿತು. ಎರಡು ದಿನಗಳ ತರುವಾಯ, ಶಾಸನಬದ್ಧವಾದ ಆಯ್ಕೆಯ ಸಮಿತಿಯು ಬಹುಮತದಿಂದ ಅವರನ್ನು ಆ ಹುದ್ದೆಯಿಂದ ತೆಗೆಯಿತು. ಈ ಅಧಿಕಾರಿಗಳ ಕಾರ್ಯದ ಗುಣದೋಷಗಳನ್ನು ನಿರ್ಣಯಿಸುವುದು ನಮ್ಮ ಉದ್ದೇಶವಲ್ಲ. ನ್ಯಾಯವು ದೊರೆತರೂ ಕಳೆದ ಕಾಲವು ಮರಳಿ ಬಾರದೆಂಬುದನ್ನು ಮಾತ್ರ ಇಲ್ಲಿ ಗುರುತಿಸಬೇಕಾಗಿದೆ.

ಇನ್ನು ಕೆಲವು ರಾಜ್ಯಗಳು ಖಾಯಂ ಮಹಾನಿರ್ದೇಶಕನ ಬದಲು ‘ಪ್ರಭಾರ’ದ ಅಧಿಕಾರಿಯನ್ನು ಇಟ್ಟುಕೊಳ್ಳತೊಡಗಿದುವು. ಪ್ರಭಾರದವನಿಗೆ ಅವಧಿಯಿಲ್ಲ, ಅವಧಿಯಿಲ್ಲದವನಿಗೆ ಧೈರ್ಯವೂ ಕಡಮೆ. 2018ರ ಜುಲೈ 3ರಂದು ಸರ್ವೋಚ್ಚ ನ್ಯಾಯಾಲಯವು ಇದನ್ನು ನಿಷೇಧಿಸಿತು. 2021ರಲ್ಲಿ ಮತ್ತೊಂದು ಬಗೆಯ ತಿದ್ದುಪಡಿ ಬಂದಿತು. ಕೇಂದ್ರ ತನಿಖಾ ದಳ ಮತ್ತು ಜಾರಿ ನಿರ್ದೇಶನಾಲಯಗಳ ಮುಖ್ಯಸ್ಥರ ಅವಧಿಯನ್ನು ಒಮ್ಮೆಗೆ ಒಂದೊಂದು ವರ್ಷದಂತೆ ಒಟ್ಟು ಐದು ವರ್ಷಗಳವರೆಗೆ ವಿಸ್ತರಿಸಲು ಅದು ಅವಕಾಶಮಾಡಿತು. 2023ರ ಜುಲೈ 11ರಂದು ನ್ಯಾಯಾಲಯವು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಜಾರಿ ನಿರ್ದೇಶನಾಲಯದ ಅಂದಿನ ನಿರ್ದೇಶಕರಿಗೆ ಕೊಟ್ಟಿದ್ದ ವಿಸ್ತರಣೆಯನ್ನು ಮಾತ್ರ ಅಸಿಂಧುವೆಂದು ಸಾರಿತು. ತಿದ್ದುಪಡಿಯು ಸಿಂಧುವೆಂಬುದು ನಿರ್ಣಯವಾಗಿದ್ದರೂ, ಅದರ ಔಚಿತ್ಯವನ್ನು ಕುರಿತು ಆಲೋಚಿಸುವ ಹಕ್ಕು ವಿದ್ವಾಂಸರಿಗಿದೆ. ಹಿಂದೆ ಅಧಿಕಾರಿಗೆ ತೆಗೆದುಹಾಕುವರೆಂಬ ಭಯವಿತ್ತು. ಈಗ ಮುಂದುವರಿಸುವರೆಂಬ ಆಸೆಯೂ ಸೇರಿತು. ಸ್ವಾತಂತ್ರ್ಯಕ್ಕೆ ಇವೆರಡರಲ್ಲಿ ಯಾವುದು ಹೆಚ್ಚು ಅಪಾಯಕಾರಿ ಎಂಬುದನ್ನು ನಿರ್ಧರಿಸುವುದು ಸುಲಭವಲ್ಲ.

ಕರ್ನಾಟಕವು 2012ರಲ್ಲಿ ತನ್ನ 1963ರ ಕಾಯಿದೆಗೆ ತಿದ್ದುಪಡಿಯನ್ನು ತಂದು, ರಾಜ್ಯ ಭದ್ರತಾ ಆಯೋಗ, ಪೋಲೀಸು ಮಂಡಳಿ, ದೂರು ಪ್ರಾಧಿಕಾರಗಳಿಗೆ ಶಾಸನದಲ್ಲಿ ಸ್ಥಾನ ಕಲ್ಪಿಸಿತು. ಅದೇ ವರ್ಷ ಇಲ್ಲಿಯ ಮಹಾನಿರ್ದೇಶಕರ ನೇಮಕವೊಂದು ವಿವಾದಕ್ಕೆ ಗುರಿಯಾಗಿ ಉಚ್ಚ ನ್ಯಾಯಾಲಯದಲ್ಲಿ ನಿಲ್ಲದೆ ಹೋಯಿತು. ನೇಮಕದ ಕ್ರಮವು ಲಿಖಿತವಾಗಿದ್ದುದರಿಂದಲೇ ಅದನ್ನು ಪ್ರಶ್ನಿಸುವುದು ಸಾಧ್ಯವಾಯಿತೆಂಬುದು ಇಲ್ಲಿಯೂ ಗಮನಾರ್ಹ.

7

ಇಷ್ಟಕ್ಕೂ ಪೋಲೀಸರಿಗೆ ಸ್ವಾತಂತ್ರ್ಯವನ್ನು ಕೊಟ್ಟರೆ ಅವರನ್ನು ಹಿಡಿಯುವವರಾರು ಎಂಬ ಆಕ್ಷೇಪವು ಏಳುವುದು ಸಹಜ. ಅದು ತಳ್ಳಿಹಾಕತಕ್ಕ ಆಕ್ಷೇಪವಲ್ಲ. ಅಮೆರಿಕದ ಸಂಯುಕ್ತ ತನಿಖಾ ಸಂಸ್ಥೆಗೆ 1924ರಿಂದ 1972ರಲ್ಲಿ ತೀರಿಕೊಳ್ಳುವವರೆಗೆ ಜೆ. ಎಡ್ಗರ್ ಹೂವರ್ ಒಬ್ಬನೇ ಮುಖ್ಯಸ್ಥನಾಗಿದ್ದನು. ರಾಜಕಾರಣಿಗಳೇ ಆತನಿಗೆ ಹೆದರುವಂತಾಯಿತು. ಅಲ್ಲಿನ ಶಾಸನಸಭೆಯು 1976ರಲ್ಲಿ ಆ ಹುದ್ದೆಗೆ ಹತ್ತು ವರ್ಷಗಳ ಮಿತಿಯನ್ನು ಹಾಕಿತು. ಅವಧಿಯ ಅನಿಶ್ಚಿತತೆಯು ಅಧಿಕಾರಿಯನ್ನು ದಾಸನನ್ನಾಗಿ ಮಾಡಿದರೆ, ಅವಧಿಯ ಅಮಿತತ್ವವು ಆತನನ್ನು ಒಡೆಯನನ್ನಾಗಿ ಮಾಡುತ್ತದೆ. ನಿಶ್ಚಿತವೂ ಮಿತವೂ ಆದ ಅವಧಿಯೇ ಮಧ್ಯಮ ಮಾರ್ಗ. 2006ರ ತೀರ್ಪು ಭದ್ರತಾ ಆಯೋಗದೊಡನೆ ದೂರು ಪ್ರಾಧಿಕಾರವನ್ನೂ ವಿಧಿಸಿದುದರ ಮರ್ಮವು ಇದೇ. ಸ್ವಾತಂತ್ರ್ಯವು ಅಧಿಕಾರಿಗೆ ಕೊಟ್ಟ ಮಾನ್ಯವಲ್ಲ. ಪ್ರಜೆಯ ರಕ್ಷಣೆಗಾಗಿ ಆತನ ಕೈಗಿತ್ತ ನ್ಯಾಸ.

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರವೇನು? ಮುಖ್ಯಾಧಿಕಾರಿಯು ಸರ್ಕಾರದ ನೀತಿಗೆ ವಿಧೇಯನಾಗಿರಬೇಕು, ಶಾಸನದ ಪ್ರಯೋಗದಲ್ಲಿ ಶಾಸನಕ್ಕೆ ಮಾತ್ರ ವಿಧೇಯನಾಗಿರಬೇಕು. ಈ ಎರಡರ ನಡುವಣ ಗಡಿಯನ್ನು ಕಾಯುವುದು ಬರಹ. 2013ರ ಅಕ್ಟೋಬರ್ 31ರಂದು, ನಿವೃತ್ತ ಆಡಳಿತಾಧಿಕಾರಿಗಳು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಧಿಕಾರಿಗಳು ಬಾಯಿಮಾತಿನ ಸೂಚನೆಗಳ ಮೇಲೆ ನಡೆಯಬಾರದೆಂದೂ ಅವುಗಳನ್ನು ಬರಹದಲ್ಲಿ ದಾಖಲಿಸಬೇಕೆಂದೂ ಹೇಳಿತು. ಆ ತೀರ್ಪು ಹೆಚ್ಚಿನ ಪ್ರಚಾರವನ್ನು ಪಡೆಯಲಿಲ್ಲವಾದರೂ ನಮ್ಮ ದೃಷ್ಟಿಯಲ್ಲಿ ಅದು ಭದ್ರತಾ ಆಯೋಗಗಳಿಗಿಂತ ಕಡಮೆಯದಲ್ಲ. ‘ದಯವಿಟ್ಟು ಬರೆದುಕೊಡಿ’ ಎಂಬ ವಿನಯದ ಮಾತಿಗಿಂತ ಬಲವಾದ ಗುರಾಣಿ ಅಧಿಕಾರಿಗೆ ಬೇರೊಂದಿಲ್ಲ. ಬರೆಯಲು ಒಪ್ಪಿದವನು ಹೊಣೆಯನ್ನು ಹೊರುತ್ತಾನೆ; ಬರೆಯಲೊಲ್ಲದವನು ತನ್ನ ಆಜ್ಞೆಯ ಸ್ವರೂಪವನ್ನು ತಾನೇ ಹೇಳಿಕೊಂಡಂತಾಗುತ್ತದೆ. ಆದರೆ ಮರುದಿನ ಕುರ್ಚಿಯಿರುವುದೆಂಬ ಭರವಸೆಯಿಲ್ಲದವನು ಈ ಮಾತನ್ನು ಆಡಲಾರನು. ಆದುದರಿಂದ ಬರಹವೂ ಅವಧಿಯೂ ಒಂದಕ್ಕೊಂದು ಆಧಾರವಾಗಿರತಕ್ಕುವು.

ಇದು ಮಹಾನಿರ್ದೇಶಕನ ಕೊಠಡಿಗೆ ಮಾತ್ರ ಸಂಬಂಧಪಟ್ಟ ವಿಚಾರವೆಂದು ಯಾರೂ ಭಾವಿಸಬೇಕಾಗಿಲ್ಲ. ಮೇಲಿನವನು ಬಾಗಿದರೆ ಕೆಳಗಿನ ಠಾಣೆಯವರೆಗೆ ಎಲ್ಲರೂ ಬಾಗುತ್ತಾರೆ. ಪ್ರಬಲನ ಮೇಲೆ ದೂರನ್ನು ಹಿಡಿದು ಹೋದ ದುರ್ಬಲನು ಆ ಠಾಣೆಯ ಬಾಗಿಲಿನಿಂದ ಹಿಂದಿರುಗುತ್ತಾನೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಆಜ್ಞೆಯನ್ನು ಕೊಡುವ ಸ್ಥಾನದಲ್ಲಿಯೂ, ಕೆಲವರು ಅದನ್ನು ಪಾಲಿಸುವ ಸ್ಥಾನದಲ್ಲಿಯೂ, ಬಹುಮಂದಿ ದೂರನ್ನು ಹಿಡಿದು ನಿಲ್ಲುವ ಸ್ಥಾನದಲ್ಲಿಯೂ ಇರುವರು. 1861ರಲ್ಲಿ ಪರಕೀಯರು ಅರ್ಥ ಹೇಳದೆ ಬಿಟ್ಟ ಪದವೊಂದಕ್ಕೆ ಅರ್ಥವನ್ನು ಕೊಡುವ ಕೆಲಸ ಈ ಮೂವರಿಗೂ ಸೇರಿದುದು. ಅದು ಇನ್ನೂ ಪೂರ್ಣವಾಗಿಲ್ಲ.